ಹೊರಗಿನಿಂದ ಹಾಕಿದ ಬೀಗ

ಆ ವರ್ಷ ನಮ್ಮ ಓಣಿಯಲ್ಲಿ ಒಂದೇ ಒಂದು ಕಳ್ಳತನವಾಗಿತ್ತು. ಅದೂ ಮೂಲೆಮನೆಯ ದ್ಯಾಮಕ್ಕನ ಹಿತ್ತಲಿನಿಂದ ಒಂದು ತಾಮ್ರದ ಹಂಡೆ. ಹಂಡೆ ಹೋದದ್ದು ದ್ಯಾಮಕ್ಕನದು, ನಿದ್ದೆ ಹೋದದ್ದು ನಮ್ಮಪ್ಪನದು.

ನಮ್ಮದು ಹಗರಿಬೊಮ್ಮನಹಳ್ಳಿಯಲ್ಲಿ ರೈಲು ಸ್ಟೇಷನ್ನಿನ ರಸ್ತೆಯ ಹಿಂದಿನ ಓಣಿ. ಅಪ್ಪ ಗುರುಬಸವರಾಜ ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಮನೆಯ ಒಂದು ಕೋಣೆಯ ತುಂಬ ಶೇಂಗಾ ಚೀಲಗಳೇ. ನಮ್ಮ ಎದುರಿಗೆ ದಾದಾಪೀರ್ ಚಾಚಾನ ವೆಲ್ಡಿಂಗ್ ಅಂಗಡಿ. ಹಂಡೆ ಹೋದ ವಾರದಿಂದ ಆ ಅಂಗಡಿಯ ಕಿಡಿಗಳೆಲ್ಲ ನಮ್ಮ ಮನೆಗಾಗಿಯೇ ಹಾರತೊಡಗಿದವು. ಕಿಟಕಿಗಳಿಗೆ ಹೊಸ ಸರಳು, ಮನೆಯ ನಡುವಿನ ಅಂಗಳದ ಮೇಲೆ ಕಬ್ಬಿಣದ ಜಾಳಿಗೆ, ಹಿತ್ತಲ ಗೋಡೆಯ ಮೇಲೆ ಸೋಡಾ ಬಾಟಲಿಯ ಚೂರು, ಮುಂಬಾಗಿಲ ಹೊರಗೆ ಎಳೆದು ಮುಚ್ಚುವ ಚಾನಲ್ ಗೇಟು. ನಮ್ಮದು ಹಳೆಯ ಮಣ್ಣಿನ ಮಾಳಿಗೆ. ಅಡಿಗೆಮನೆಗೆ ಬೆಳಕು ಬರಲಿ, ಹೊಗೆ ಹೋಗಲಿ ಎಂದು ಮಾಳಿಗೆಯಲ್ಲಿ ಒಂದು ಗವಾಕ್ಷಿ ಇತ್ತು. ಅದನ್ನೂ ಸಿಮೆಂಟು ಹಾಕಿಸಿ ಮುಚ್ಚಿಸಿದರು. ಅಂದಿನಿಂದ ಅವ್ವ ಹಗಲಲ್ಲೂ ಬಲ್ಬು ಹಾಕಿಕೊಂಡು, ಕೆಮ್ಮುತ್ತ ರೊಟ್ಟಿ ಬಡಿಯುತ್ತಿದ್ದಳು.

"ಸಾವ್ಕಾರ್ರೆ, ಇನ್ನೊಂದು ಉಳದೈತ್ರಿ," ಎಂದಿದ್ದ ದಾದಾಪೀರ್ ಚಾಚಾ, ಕೊನೆಯ ಸರಳು ಕೂರಿಸಿ ಬೆವರು ಒರೆಸಿಕೊಳ್ಳುತ್ತ.

"ಏನದು?"

"ಮನಿ ಸುತ್ತ ಕಂದಕ ತೋಡಿ ಮೊಸಳಿ ಬಿಡೋದು."

ಅಪ್ಪ ನಗಲಿಲ್ಲ. ಮೊಸಳೆ ಎಲ್ಲಿ ಸಿಗುತ್ತದೆ ಎಂದು ಕೇಳುವವರಂತೆ ಅವನನ್ನು ನೋಡಿದರು. ಆಮೇಲೆ ಸರಳನ್ನು ಎರಡೂ ಕೈಯಿಂದ ಹಿಡಿದು ಜಗ್ಗಿ, "ಇದನ್ನ ಕೊಯ್ಯಾಕ ಎಷ್ಟೊತ್ತು ಬೇಕು?" ಎಂದರು.

"ಮಾಡಿದ ನನಗಽ ಅರ್ಧ ದಿನ ಬೇಕ್ರಿ. ಕಳ್ಳಗ ಮೂರು ದಿನ."

ಅದು ಅಪ್ಪನಿಗೆ ಬಹಳ ಹಿಡಿಸಿತು. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಎಲ್ಲ ಬೀಗಗಳ ಕೀಲಿಗಳನ್ನೂ ಒಂದು ಕಬ್ಬಿಣದ ಬಳೆಗೆ ಪೋಣಿಸಿ, ಅದರ ಬಾಯಿಗೆ ವೆಲ್ಡಿಂಗ್ ಮಾಡಿಸಿಬಿಟ್ಟರು. ಬಳೆ ಸಡಿಲಿದ್ದರೆ ಯಾರಾದರೂ ಒಂದು ಕೀಲಿ ಜಾರಿಸುತ್ತಾರಂತೆ. ಆ ಬಳೆ ಹಗಲು ಅವರ ಸೊಂಟದಲ್ಲಿ, ರಾತ್ರಿ ತಲೆದಿಂಬಿನ ಕೆಳಗೆ.

ಖಾಲಿ ಮನೆಯೇ ಕಳ್ಳನನ್ನು ಕೈಮಾಡಿ ಕರೆಯುತ್ತದೆ ಎಂಬುದು ಅಪ್ಪನ ಮಾತು. ಅಜ್ಜ ಇರುವತನಕ ಕಟ್ಟೆಯ ಮೇಲೆ ಕೂತು ಮನೆ ಕಾಯುತ್ತಿದ್ದ. ಅವನು ತೀರಿಕೊಂಡ ವರ್ಷ ನನ್ನನ್ನು ಎಂಟನೇ ತರಗತಿಯಿಂದ ಬಿಡಿಸಿ ಆ ಕೆಲಸಕ್ಕೆ ಹಾಕಿದರು. ಅಜ್ಜ ಹೊರಗೆ ಕೂತು ಕಾಯುತ್ತಿದ್ದ, ನಾನು ಒಳಗೆ ಕೂತು. ಅಷ್ಟೇ ವ್ಯತ್ಯಾಸ. ಮೊದಲಿನಿಂದಲೂ ಮಾತು ಕಡಿಮೆ ಇದ್ದ ನನಗೆ ಸರಳಿನ ಸಂದಿಯಿಂದ ಓಣಿಯನ್ನು ನೋಡುವುದು ರೂಢಿಯಾಗಿತ್ತು. ಯಾರ ಸೈಕಲ್ಲು ಯಾವ ಹೊತ್ತಿಗೆ ಹೋಗುತ್ತದೆ, ದಾದಾಪೀರ್ ಚಾಚಾನ ಹೆಂಡತಿ ಬಿಬಿಜಾನ್ ಯಾವ ದಿನ ಗಂಡನ ಮೇಲೆ ಸಿಟ್ಟಾಗಿದ್ದಾಳೆ, ಎಲ್ಲ ಗೊತ್ತಾಗುತ್ತಿತ್ತು.

ಇಷ್ಟೆಲ್ಲ ಬೀಗದ ನಡುವೆಯೂ ದಿನಕ್ಕೊಮ್ಮೆ ನಮ್ಮ ಮನೆ ಹಾರು ಹೊಡೆದು ನಿಲ್ಲುತ್ತಿತ್ತು. ಮುಸ್ಸಂಜೆ, ದೀಪ ಹಚ್ಚುವ ಹೊತ್ತಿನಲ್ಲಿ. ಜಂಬಕ್ಕಜ್ಜಿ, ಅಂದರೆ ಅಪ್ಪನ ಅವ್ವ, ಈ ಒಂದು ವಿಷಯದಲ್ಲಿ ಮಗನ ಮಾತು ಕೇಳಿದವಳಲ್ಲ. ಹಿತ್ತಲ ಬಾಗಿಲು ಮುಚ್ಚಬೇಕು, ಮುಂಬಾಗಿಲು ಪೂರಾ ತೆರೆಯಬೇಕು, ಗೇಟೂ ಸರಿಸಬೇಕು. ಆಮೇಲೆ ನಾವೆಲ್ಲ ಬಾಗಿಲಿಗೆ ಬೆನ್ನು ಮಾಡಿ, ದೇವರ ಜಗುಲಿಯ ಮುಂದೆ ಕಣ್ಣು ಮುಚ್ಚಿ ನಿಲ್ಲಬೇಕು. ಅಜ್ಜಿ ದೀಪ ಹಚ್ಚಿ, "ಬಾರವ್ವ ತಾಯಿ, ಒಳಗ ಬಾ" ಎಂದು ಲಕ್ಷ್ಮಿಯನ್ನು ಕರೆಯುತ್ತಿದ್ದಳು. ಬರುವ ಲಕ್ಷ್ಮಿಯನ್ನು ನೆಟ್ಟಗೆ ನೋಡಿದರೆ ಆಕೆ ನಾಚಿ ತಿರುಗಿ ಹೋಗುತ್ತಾಳಂತೆ.

"ಗೇಟರ ಮುಚ್ಚೇ ಇರ್ಲಿ ಬಿಡವ್ವ," ಎಂದು ಅಪ್ಪ ಒಮ್ಮೆ ಗೋಗರೆದಿದ್ದರು.

"ಕಳ್ಳಗ ಹೆದರಿ ಲಕ್ಷ್ಮಿ ಮಾರಿ ಮ್ಯಾಲೆ ಬಾಗಲಾ ಬಡೀತೀಯೇನಲೇ?" ಎಂದಿದ್ದಳು ಅಜ್ಜಿ. ಅಲ್ಲಿಗೆ ಮುಗಿಯಿತು.

ಅವತ್ತು ಬುಧವಾರ, ತಂಬ್ರಹಳ್ಳಿಯಲ್ಲಿ ನೆಂಟರ ಮನೆಯ ಮದುವೆ. ಎಲ್ಲರೂ ಹೊರಟರು, ನಾನು ಮನೆ ಕಾಯಲು ಉಳಿದೆ. ಅಪ್ಪ ಹೊರಗೆ ಹೋಗಿ ಗೇಟು ಎಳೆದು ಬೀಗ ಹಾಕತೊಡಗಿದರು.

"ಹುಡುಗಿ ಒಳಗದಾಳ, ಹೊರಗ ಯಾಕ ಬೀಗ? ಆಕಿನ ಒಳಗಿಂದ ಅಗಳಿ ಹಾಕ್ಕೊಂತಾಳ ಬಿಡ್ರಿ," ಎಂದಳು ಅವ್ವ.

"ಇಕಿ ಬಾಯಿಲ್ಲದಾಕಿ. ಯಾರರ ಗದರಿಸಿ ಕರದ್ರ ತಗದುಬಿಡ್ತಾಳ," ಎಂದು ಅಪ್ಪ ಬೀಗ ಜಗ್ಗಿ ನೋಡಿದರು. "ಗೀತಾ, ದೀಪದ ಹೊತ್ತಿಗೆ ಬಂದುಬಿಡ್ತೀವಿ. ಹೆದರಬ್ಯಾಡ. ಇರಿವಿ ಸೈತ ಒಳಗ ಬರಂಗಿಲ್ಲ."

ಅವರು ಹೋದ ಮೇಲೆ ನಾನು ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತೆ. ಜಾಳಿಗೆಯ ನೆರಳು ಮೊರದ ಮೇಲೆ ಚೌಕಚೌಕವಾಗಿ ಬಿದ್ದಿತ್ತು. ಆಗ ಶೇಂಗಾ ಕೋಣೆಯಲ್ಲಿ ಯಾರೋ ಕೆಮ್ಮಿದರು.

ಮೊದಲು ಎದುರು ಅಂಗಡಿಯಲ್ಲಿ ಇರಬೇಕೆಂದುಕೊಂಡೆ. ಎರಡನೆಯ ಸಲ ಬಾಯಿಗೆ ಬಟ್ಟೆ ಒತ್ತಿಕೊಂಡು ಕೆಮ್ಮಿದಂತೆ ಕೇಳಿಸಿತು. ಮೂರನೆಯ ಸಲ ತಡೆಯಲಾರದ ಕೆಮ್ಮು, ಅದರ ಹಿಂದೆಯೇ ಚೀಲ ಸರಿದ ಸದ್ದು. ಮೊರ ನನ್ನ ಕೈಯಿಂದ ಬಿತ್ತು.

ಒಬ್ಬ ಮನುಷ್ಯ ಹೊರಗೆ ಬಂದ. ಅಪ್ಪನಿಗಿಂತ ಚಿಕ್ಕವನು, ತೆಳ್ಳಗೆ. ತಲೆಗೂದಲು, ಹುಬ್ಬು, ಮೀಸೆ ಎಲ್ಲ ಶೇಂಗಾ ಧೂಳಿನಿಂದ ಬೂದಿಯಾಗಿದ್ದವು. ಆ ಬೂದಿಯ ನಡುವೆ ಕಣ್ಣು ಮಾತ್ರ ಕೆಂಪಗೆ. ಕೈಯಲ್ಲಿ ಮೊಳದುದ್ದದ ಕಬ್ಬಿಣದ ಹಾರೆ.

"ನೀರು," ಎಂದ.

ನಾನು ಕದಲಲಿಲ್ಲ. ಅವನೇ ಹರಿವಾಣ ಮುಚ್ಚಿದ ಕೊಡದಿಂದ ಮೊಗೆದು ಕುಡಿದ. ಗಂಟಲಿನ ಗುಳುಗುಳು ಸದ್ದು ನನಗೆ ಕೇಳುತ್ತಿತ್ತು. ಕುಡಿದು ಬಾಯಿ ಒರೆಸಿಕೊಂಡು, "ಕೀಲಿ ಕೊಡು. ಹೋಕ್ಕೀನಿ," ಎಂದ.

"ನನ್ನ ಹತ್ರ ಇಲ್ಲ."

"ಸುಳ್ಳು ಹೇಳಬ್ಯಾಡ. ಮನಿಯಾಗ ಇರಾಕಿ ಹತ್ರ ಮನಿ ಕೀಲಿ ಇರಂಗಿಲ್ಲೇನು?"

"ಅಪ್ಪ ಹೊರಗಿಂದ ಹಾಕ್ಕೊಂಡು ಹೋಗ್ಯಾರ."

ಅವನಿಗೆ ಅರ್ಥವಾಗಲಿಲ್ಲ. ಮುಂಬಾಗಿಲಿಗೆ ಹೋಗಿ ಅಗಳಿ ಸರಿಸಿ, ಕದವನ್ನು ಬೆರಳಷ್ಟು ತೆರೆದು ನೋಡಿದ. ಗೇಟಿನ ಆಚೆ ಬದಿಗೆ ನೇತಾಡುವ ಬೀಗ ಕಂಡಿರಬೇಕು. ಮೆಲ್ಲಗೆ ಕದ ಮುಚ್ಚಿ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಗಾಬರಿ.

"ನಿನ್ನನ್ನ ಒಳಗಿಟ್ಟು?"

ನಾನು ತಲೆಯಾಡಿಸಿದೆ.

"ಹುಚ್ಚರು ಅದಾರೇನು ನಿಮ್ಮ ಮನ್ಯಾಗ?"

ಆಮೇಲೆ ಅವನು ಮನೆಯನ್ನೆಲ್ಲ ಸುತ್ತಿದ. ಹಿತ್ತಲ ಬಾಗಿಲಿಗೆ ಒಳಗಿನಿಂದ ಹಾಕಿದ ಬೀಗದ ಕೀಲಿಯೂ ಅದೇ ಬಳೆಯಲ್ಲಿತ್ತು. ಹಾರೆ ಹಾಕಿ ಮೀಟಿದ, ಹಾರೆ ಜಾರಿ ಅವನ ಅಂಗೈಯನ್ನೇ ಸೀಳಿತು. ಜಾಳಿಗೆ ಹಿಡಿದು ಜೋತುಬಿದ್ದ. ಗವಾಕ್ಷಿ ಇದ್ದ ಜಾಗದಲ್ಲಿ ಸಿಮೆಂಟು ನೋಡಿ ಬೈದ. ಸಿಟ್ಟಿಗೆ ಅವ್ವನ ಟ್ರಂಕು ಒಡೆದು, ಬೋರಮಾಳ ಸರವನ್ನೂ ಬೆಳ್ಳಿಯ ಸಾಮಾನನ್ನೂ ಟವೆಲಿಗೆ ಕಟ್ಟಿಕೊಂಡ. ಕಟ್ಟಿಕೊಂಡು ಅಲ್ಲೇ ನಿಂತ. ಗಂಟು ಕೈಯಲ್ಲಿತ್ತು, ಹೋಗಲು ದಾರಿ ಇರಲಿಲ್ಲ.

ಎದುರು ಅಂಗಡಿಯಲ್ಲಿ ದಾದಾಪೀರ್ ಚಾಚಾ ಯಾರಿಗೋ ಬೈಯುವುದು ಕೇಳುತ್ತಿತ್ತು. ನನ್ನ ಕಣ್ಣು ಕಿಟಕಿಯ ಕಡೆ ಹೋದದ್ದನ್ನು ಅವನು ನೋಡಿದ.

"ಚೀರು," ಎಂದ. "ಚೀರು ನೋಡೋಣು. ಊರೆಲ್ಲ ಬರ್ತೈತಿ. ಒಳಗ ಹ್ಯಾಂಗ ಬರ್ತಾರ? ಅವ್ರು ಸರಳು ಕೊಯ್ಯೋದ್ರಾಗ ನಿನ್ನ ಕತಿ ಮುಗದಿರ್ತೈತಿ."

ಕಿಟಕಿ ಕೈಗೆಟುಕುವಷ್ಟು ಹತ್ತಿರವಿತ್ತು. ಚಾಚಾನ ಕೈಯಲ್ಲಿ ಸುತ್ತಿಗೆಯಿತ್ತು. ಅರ್ಧ ದಿನ ಬೇಕ್ರಿ, ಕಳ್ಳಗ ಮೂರು ದಿನ. ಆ ಮಾತು ನೆನಪಾಯಿತು. ಆ ಸರಳುಗಳು ಈಗ ಕಾಯುತ್ತಿದ್ದದ್ದು ಅವನನ್ನು.

ಅವನು ಅಡಿಗೆಮನೆಯ ಬಾಗಿಲಿಗೆ ಒರಗಿ ಕೂತ. ನಾನು ಒಲೆಯ ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡು ಕೂತೆ. ಬಿಸಿಲು ಜಾಳಿಗೆಯ ಚೌಕಗಳನ್ನು ಎಳೆದುಕೊಂಡು ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಯಾವಾಗಲೋ ಅವನು ಮಾತಾಡಿದ.

"ನಿನ್ನಿ ಸಂಜಿಕ ಬಂದೆ. ಮುದುಕಿ ಒಳಗ ಬಾ ಒಳಗ ಬಾ ಅಂತ ಕರ್ಯಾಕ ಹತ್ತಿದ್ಲು. ನೀವೆಲ್ಲ ಬೆನ್ನು ಮಾಡಿ ನಿಂತಿದ್ರಿ. ನನ್ನ ಜನ್ಮದಾಗ ಇಂಥಾ ಮನಿ ನೋಡಿಲ್ಲ. ಎಲ್ಲರೂ ಮಲಗಿದ ಮ್ಯಾಲೆ ಹೋದ್ರಾತು ಅಂದ್ರ, ನಿಮ್ಮಪ್ಪ ಕೀಲಿ ಮ್ಯಾಲೇ ಮಲಗ್ಯಾನ. ಅವ ಮಲಗಾಂಗನೂ ಇಲ್ಲ, ನಾ ಹೋಗಾಂಗನೂ ಇಲ್ಲ."

ಅವನು ಮಾಳಿಗೆಯನ್ನೂ ಕಿಟಕಿಯನ್ನೂ ನೋಡಿ, ನನ್ನ ಪಕ್ಕದಲ್ಲಿದ್ದ ಒಲೆಯನ್ನು ನೋಡಿದ.

"ಬೆಂಕಿ ಹತ್ತಿದ್ರ ಏನು ಮಾಡ್ತಿದ್ದಿ?"

ಇಷ್ಟು ದಿನದಲ್ಲಿ ನನ್ನನ್ನು ಯಾರೂ ಆ ಮಾತು ಕೇಳಿರಲಿಲ್ಲ. ನನಗೂ ಅದು ಹೊಳೆದಿರಲಿಲ್ಲ. ಅವನ ಹಾರೆಗಿಂತ ಆ ಮಾತಿಗೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬಿಸಿಲು ಇಳಿದಾಗ ಎದ್ದು ನಿಂತ. "ನಾ ಮತ್ತ ಚೀಲದ ಹಿಂದ ಇರ್ತೀನಿ. ಮುದುಕಿ ಬಾಗಲಾ ತಗದಾಗ ಹೋಕ್ಕೀನಿ. ನಡುವ ನೀ ಬಾಯಿ ಬಿಟ್ರ, ಮೊದಲು ಆ ಮುದುಕಿ." ಹಾರೆಯಿಂದ ತನ್ನ ತಲೆಯನ್ನೇ ಮುಟ್ಟಿ ತೋರಿಸಿದ. ಮುಂಬಾಗಿಲ ಅಗಳಿಯನ್ನು ಮೊದಲಿನಂತೆ ಹಾಕಿ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಹೊರಗೆ ಬೀಗದ ಸದ್ದು. ನಾನು ಹೋಗಿ ಅಗಳಿ ತೆಗೆದೆ. ಅಪ್ಪ ಬೆವರುತ್ತ ನಗುತ್ತ ನಿಂತಿದ್ದರು.

"ನೋಡಿದ್ಯಾ? ಇರಿವಿ ಬಂತೇನು?"

ನಾನು ಅವರ ಮುಖ ನೋಡಿದೆ. ಅಜ್ಜಿ ಬಗ್ಗಿ ಕಾಲು ತೊಳೆದುಕೊಳ್ಳುತ್ತಿದ್ದಳು. ಅವಳ ನೆತ್ತಿಯ ಬಿಳಿಕೂದಲು ನಡುವೆ ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ನಾನು ಬಾಯಿ ಬಿಡಲಿಲ್ಲ.

"ಯಾಕ ಹಿಂಗದಾಳ ಇಕಿ?" ಎಂದಳು ಅವ್ವ. "ಮದುವಿಗೆ ಕರ್ಕೊಂಡು ಹೋಗ್ಲಿಲ್ಲಂತ ಸಿಟ್ಟು," ಎಂದರು ಅಪ್ಪ.

ಅವ್ವ ಸೀರೆ ಬದಲಿಸಲು ಹೊರಟಳು. ಒಡೆದ ಟ್ರಂಕು ಇದ್ದದ್ದು ಅವಳು ಹೊರಟ ಕೋಣೆಯಲ್ಲೇ. ಅಷ್ಟರಲ್ಲಿ ಅಜ್ಜಿ, "ದೀಪ ಮದಲು, ಸೀರಿ ಆಮ್ಯಾಲೆ," ಎಂದು ಅವಳನ್ನು ತಿರುಗಿಸಿದಳು. ಗೇಟು ಸರಿಯಿತು, ಕದ ತೆರೆಯಿತು. ಎಲ್ಲರೂ ಜಗುಲಿಯ ಮುಂದೆ ನಿಂತು ಕಣ್ಣು ಮುಚ್ಚಿದರು. ಅಜ್ಜಿ ಬತ್ತಿ ಹಚ್ಚಿದಳು.

"ಬಾರವ್ವ ತಾಯಿ, ಒಳಗ ಬಾ."

ನಾನು ಕಣ್ಣು ಮುಚ್ಚಲಿಲ್ಲ. ಅವನು ಬರಿಗಾಲಲ್ಲಿ, ಗಂಟನ್ನು ಎದೆಗವುಚಿಕೊಂಡು ಅವರ ಬೆನ್ನ ಹಿಂದೆ ಹಾದು ಹೋದ. ಅಪ್ಪನಿಗೂ ಅವನಿಗೂ ನಡುವೆ ಒಂದು ಗೇಣು ಜಾಗವೂ ಇರಲಿಲ್ಲ. ಅವನು ಹೊಸ್ತಿಲು ದಾಟಿ ಕಟ್ಟೆ ಇಳಿದ. ನಾನೂ ಅವನ ಹಿಂದೆಯೇ ಹೊಸ್ತಿಲು ದಾಟಿದೆ. ತಿರುಗಿ ಗೇಟನ್ನು ಎರಡೂ ಕೈಯಿಂದ ಎಳೆದು ಮುಚ್ಚಿದೆ. ಈಗ ಅಜ್ಜಿ ಒಳಗೆ, ಅವನು ಹೊರಗೆ. ಗೇಟಿನ ಸದ್ದಿಗೆ ಅವನು ಹೊರಳಿ ನೋಡಿದ. ನಾನು ಚೀರಿದೆ.

ನನ್ನ ದನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. ದಾದಾಪೀರ್ ಚಾಚಾ ಸುತ್ತಿಗೆ ಹಿಡಿದುಕೊಂಡೇ ಓಡಿ ಬಂದ. ಕಳ್ಳ ಗಂಟನ್ನು ಅವನ ಮುಖಕ್ಕೆ ಎಸೆದು ಸ್ಟೇಷನ್ನಿನ ಕಡೆ ಓಡಿದ. ಹುಡುಗರು ಬೆನ್ನು ಹತ್ತಿದರು, ಸಿಗಲಿಲ್ಲ. ಬಿಬಿಜಾನ್ ಬಂದು ನನ್ನನ್ನು ತಬ್ಬಿ ಹಿಡಿದುಕೊಂಡಳು.

ಅಪ್ಪ ಗೇಟಿನ ಸರಳು ಹಿಡಿದುಕೊಂಡು ಒಳಗೇ ನಿಂತಿದ್ದರು. ಸರಿಸಿದರೆ ತೆರೆಯುತ್ತದೆ ಎಂಬುದೂ ಅವರಿಗೆ ಹೊಳೆದಿರಲಿಲ್ಲ.

"ಎಲ್ಲಿಂದ ಬಂದ? ಎಲ್ಲೀ ಸರಳು ಮುರದಾನ?"

"ಮುಂಬಾಗಲಿಂದ," ಎಂದೆ. "ನಿನ್ನಿ ಅಜ್ಜಿ ಕರದಾಗ."

"ನಾ ಕರದದ್ದು ಲಕ್ಷ್ಮಿನ್ನ!" ಎಂದಳು ಅಜ್ಜಿ ಒಳಗಿನಿಂದ.

"ಹೆಸರು ಹೇಳಿ ಕರೀಬೇಕಿತ್ರಿ ಅಮ್ಮಾರ," ಎಂದ ದಾದಾಪೀರ್ ಚಾಚಾ. ಯಾರೂ ನಗಲಿಲ್ಲ. ಅವನೂ ನಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಅವನಿಗೆ ಲೆಕ್ಕ ಹತ್ತಿತ್ತು. ನನ್ನನ್ನು, ಅಪ್ಪನನ್ನು ನೋಡಿ ಮೆಲ್ಲಗೆ ಕೇಳಿದ, "ನಿನ್ನಿ ಬಂದಾನಂದ್ರ... ಇವತ್ತು ಹಗಲೆಲ್ಲಾ?"

"ನನ್ನ ಜೋಡಿ ಒಳಗಿದ್ದ," ಎಂದೆ.

ಅಪ್ಪ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತರು. ಅವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು. "ಏನರ ಮಾಡಿದ್ನೇನವ್ವ?" ಎಂದಳು. ಇಲ್ಲವೆಂದು ತಲೆಯಾಡಿಸಿದೆ. ಅವ್ವ ಮತ್ತೆ ಮತ್ತೆ ಅದನ್ನೇ ಕೇಳಿದಳು, ನಾನು ಮತ್ತೆ ಮತ್ತೆ ತಲೆಯಾಡಿಸಿದೆ. ಅಜ್ಜಿ ದೀಪದ ಮುಂದೆ ಕೈಮುಗಿದವಳು ಹಾಗೇ ಇದ್ದಳು.

ಅಪ್ಪ ಎದ್ದರು. "ದಾದಾ, ಶೇಂಗಾ ಕೋಣಿಗೂ ಒಂದು ಗೇಟು ಮಾಡು," ಎಂದರು. "ದೀಪ ಹಚ್ಚೋವಾಗ ಇನ್ನ ಮ್ಯಾಲೆ..."

"ನನಗೊಂದು ಕೀಲಿ ಬೇಕು," ಎಂದೆ.

ನಾನು ಅವರ ಮಾತಿಗೆ ಅಡ್ಡ ಮಾತಾಡಿದ್ದು ಅದೇ ಮೊದಲು. ಅಪ್ಪ ಕಣ್ಣು ಬಿಟ್ಟು ನೋಡಿದರು.

"ಕೀಲಿ ನಿನಗ್ಯಾಕವ್ವ? ನೀ ಎಲ್ಲಿ ಹೋಗಾಕಿ?"

"ಬೆಂಕಿ ಹತ್ತಿದ್ರ ಏನು ಮಾಡ್ಲಿ?"

ಅಪ್ಪ ತಿರುಗಿ ಮಾಳಿಗೆಯ ಸಿಮೆಂಟು ನೋಡಿದರು, ಕಿಟಕಿಯ ಸರಳು ನೋಡಿದರು. ಅವನು ನೋಡಿದ ಹಾಗೆಯೇ, ಒಂದೊಂದಾಗಿ. ಆಮೇಲೆ ಸೊಂಟದಿಂದ ಕೀಲಿಯ ಬಳೆ ಬಿಚ್ಚಿ, ಗೇಟಿನ ಕೀಲಿಯನ್ನು ಜಗ್ಗತೊಡಗಿದರು. ಅದು ಬಳೆಯಗುಂಟ ಸುತ್ತಿ ಸುತ್ತಿ ಮತ್ತೆ ಅವರ ಕೈಗೇ ಬರುತ್ತಿತ್ತು. ಬಾಯಿ ಮುಚ್ಚಿಸಿದ್ದು ತಾವೇ ಎಂಬುದು ಅವರಿಗೆ ಮರೆತೇ ಹೋಗಿತ್ತು. ಉಗುರಿನಿಂದ ಕೆರೆದರು, ಹಲ್ಲಿನಿಂದಲೂ ಕಚ್ಚಿದರು.

"ಕೊಡ್ರಿ ಇಲ್ಲಿ," ಎಂದ ದಾದಾಪೀರ್ ಚಾಚಾ.

ನಮ್ಮ ಕಟ್ಟೆಯ ಮೇಲೆಯೇ ಕೂತು, ಬಳೆಯನ್ನು ಕಾಲಿನಿಂದ ಅದುಮಿ ಹಿಡಿದು ಗರಗಸ ಹಚ್ಚಿದ. ಕಬ್ಬಿಣದ ಪುಡಿ ಉದುರತೊಡಗಿತು. ಬಾಗಿಲು ಪೂರಾ ತೆರೆದಿತ್ತು, ಯಾರೂ ಮುಚ್ಚಲು ಹೋಗಲಿಲ್ಲ. ಬಳೆ ತುಂಡಾದಾಗ ಕೀಲಿಗಳೆಲ್ಲ ಓಣಿಯ ಮಣ್ಣಿಗೆ ಚೆಲ್ಲಿದವು. ಅವುಗಳಲ್ಲಿ ಗೇಟಿನ ಕೀಲಿ ಯಾವುದೆಂದು ನನಗೆ ಗೊತ್ತಿತ್ತು. ಬಗ್ಗಿ ಎತ್ತಿಕೊಂಡೆ. ಗರಗಸದ ಬಿಸಿ ಅದರಲ್ಲಿ ಇನ್ನೂ ಇತ್ತು.