ಬತ್ತಿಯ ಅರಳೆ

ಗಾಯ ಮಾಯ್ದ ಮೇಲೆ ನೋವು ಎಲ್ಲಿಂದ ಬರಬೇಕು?

ಕಂಬದ ಮೇಲೆ ನಿಂತ ಶರಣಬಸವನ ತಲೆಯಲ್ಲಿ ಬೆಳಗಿನಿಂದ ಅದೇ ಪ್ರಶ್ನೆ ತಿರುಗುತ್ತಿತ್ತು. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯ ಬದಿಯಲ್ಲಿ, ಗಾಳಿಗೆ ಮುರಿದ ಬಿದಿರು ವಿದ್ಯುತ್ ತಂತಿಯ ಮೇಲೆ ಒರಗಿತ್ತು. ಅವನು ಹಳೆಯ ಲೈನ್‌ಮನ್. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ತಿಳಿಯಲು ಅವನ ಬಳಿ ಟೆಸ್ಟರ್ ಇತ್ತು. ಹೆಂಡತಿಯ ಬೆನ್ನಿಗೆ ಹಚ್ಚಿ ನೋಡುವ ಟೆಸ್ಟರ್ ಎಲ್ಲಿಯೂ ಸಿಗುವುದಿಲ್ಲ. ಚರ್ಮ ಸ್ವಚ್ಛವಾಗಿದೆ. ಬಾವಿಲ್ಲ, ಕೀವಿಲ್ಲ, ನಾಲ್ಕಾರು ಹಳೆಯ ಕಲೆ, ಅಷ್ಟೇ. ಹಾಗಾದರೆ ಶಾಂತಾ ಸುಳ್ಳು ಹೇಳುತ್ತಿದ್ದಾಳೆಯೇ? ಅವಳು ಸುಳ್ಳು ಹೇಳಿದ್ದು ಅವನಿಗೆ ನೆನಪಿಲ್ಲ. ಖರೇ ಹೇಳುತ್ತಿದ್ದರೆ, ಬೆಂಕಿ ಎಲ್ಲಿದೆ?

ಲೈನ್ ಬಂದ್ ಮಾಡಿಸಿ ಆಗಿತ್ತು. ಆದರೂ ತಂತಿಗೆ ಕೈ ಹಚ್ಚುವ ಮೊದಲು ಅವನು ಅದನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ಕಟ್ಟಿ ಬಿಗಿದ. ಅದು ಅವನ ರೂಢಿ.

ಹೋದ ಶ್ರಾವಣದಲ್ಲಿ ಶಾಂತಾದೇವಿಯ ಎಡ ಪಕ್ಕೆಯಲ್ಲಿ ಮೊದಲು ಉರಿ ಬಂತು, ಆಮೇಲೆ ನೀರುಗುಳ್ಳೆ ಎದ್ದವು. ಬೆನ್ನಿನಿಂದ ಎದೆಯ ಕೆಳಗಿನವರೆಗೆ ಅರ್ಧ ಸುತ್ತು, ಪಟ್ಟಿ ಕಟ್ಟಿದ ಹಾಗೆ. "ಸರ್ಪಸುತ್ತು!" ಎಂದು ಶರಣಬಸವನ ತಾಯಿ ಕಾಶೆವ್ವ ಎದೆ ಹಿಡಿದುಕೊಂಡಳು. ಸರ್ಪದ ತಲೆ-ಬಾಲ ಕೂಡಿದರೆ ಜೀವ ಹೋಗುತ್ತದೆಂಬ ಭಯ ಆ ಓಣಿಗೆಲ್ಲ ಇತ್ತು. ಸರ್ಪಸುತ್ತಿಗೆ ನಾಟಿ ಮದ್ದು ಮಾಡುವ ಅಡಿವೆಯ್ಯನವರು ಬಂದು, ತಲೆ-ಬಾಲ ಕೂಡದಂತೆ ನಡುವೆ ಕಾವಿಮಣ್ಣಿನ ಗೆರೆ ಎಳೆದರು. ಒಳ್ಳೆಯ ಮನುಷ್ಯ, ಒಂದು ಲೋಟ ಚಹಾ ಕುಡಿದು ಎದ್ದು ಹೋದರು. ಆಸ್ಪತ್ರೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಗುಳ್ಳೆ ಒಣಗಿದವು. ಸರ್ಪ ಹೋಯಿತೆಂದು ಮನೆಯವರು ಹೋಳಿಗೆ ಮಾಡಿ ಉಂಡರು.

ನೋವು ಹೋಗಲಿಲ್ಲ. ದಸರೆ ಬಂತು, ಸಂಕ್ರಾಂತಿ ಬಂತು. ಕುಬಸದ ಬಟ್ಟೆ ತಾಗಿದರೆ ಉರಿ, ಫ್ಯಾನಿನ ಗಾಳಿ ತಾಗಿದರೆ ಉರಿ. ಅಂಗಡಿಯ ನೋವಿನ ಗುಳಿಗೆಗೆ ಅದು ಬಗ್ಗಲಿಲ್ಲ. ರಾತ್ರಿ ನಿದ್ದೆಯಿಲ್ಲ, ಹಗಲು ಒಲೆಯ ಮೇಲಿಟ್ಟ ಹಾಲಿನ ನೆನಪಿಲ್ಲ. ತೊಳೆದು ತೊಳೆದು ಮೆತ್ತಗಾದ ಗಂಡನ ಹಳೆಯ ಅಂಗಿ ತೊಟ್ಟು ಶಾಂತಾದೇವಿ ಮನೆಯೊಳಗೇ ಉಳಿದಳು.

"ಸೊಸಿ ಅಂಗಿ ತೊಟ್ಟಾಳ. ಇನ್ನ ಮಗಾ ಸೀರಿ ಉಟಗೊಂಡು ಕಂಬ ಹತ್ತೂದೊಂದ ಬಾಕಿ," ಎಂದು ಕಾಶೆವ್ವ ಓಣಿಗೆಲ್ಲ ಕೇಳುವಂತೆ ಅಂದಳು. ಬರಬರುತ್ತ ಚೇಷ್ಟೆ ಹೋಗಿ ಅಂಜಿಕೆ ಉಳಿಯಿತು. "ಇದು ಗಾಳಿ ಸೋಕಿದ್ದ ಐತಿ. ಬರೋ ಅಮಾಸಿಗೆ ಗಾಳಿ ಬಿಡಸೋರ ಕಡೆ ಕರಕೊಂಡು ಹೋಗೂಣು. ಬೇವಿನ ತಪ್ಪಲದಿಂದ ಬೆನ್ನ ಮ್ಯಾಲ ನಾಕು ಹೊಡದ್ರ ಬಿಟ್ಟು ಓಡಿ ಹೋಗತೈತಿ."

ಶಾಂತಾದೇವಿ ಗಂಡನ ಮುಖ ನೋಡಿದಳು. ಅವನು ಚಪ್ಪಲಿ ಹುಡುಕುವವನಂತೆ ಬಗ್ಗಿದ.

ಅಂದಿನಿಂದ ಅವಳು ನೋವಿನ ಸುದ್ದಿ ಎತ್ತುವುದನ್ನೇ ಬಿಟ್ಟಳು. ಮನೆ ಸದ್ದಿಲ್ಲದಂತಾಯಿತು. ಆ ಸದ್ದಿಲ್ಲದ ಮನೆಗೆ ಕಾಲಿಡಲು ಶರಣಬಸವನಿಗೆ ದಿನವೂ ಒಂದು ಗಳಿಗೆ ಹೊರಗೆ ನಿಲ್ಲಬೇಕಾಗುತ್ತಿತ್ತು.

ಕಂಬ ಇಳಿದು ಬಂದ ಆ ಸಂಜೆಯೂ ಹಾಗೆಯೇ ನಿಂತಿದ್ದ. ಮರುದಿನ ಅಮಾವಾಸ್ಯೆ. ಒಳಗೆ ಕಾಶೆವ್ವ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದಳು. ಬಾಜೂ ಮನೆಯ ಆಶಾ ಕಾರ್ಯಕರ್ತೆ ಸುವರ್ಣಾ ಅವಳನ್ನು ವಿಚಾರಿಸಲು ಬಂದಿದ್ದಳು.

"ಆಯಿ, ಬಿಪಿ ಗುಳಿಗಿ ನುಂಗೀರೋ, ದೇವರಿಗೆ ಏರಿಸೀರೋ?"

"ನೀ ಬಂದು ಕೇಳ್ತಿ ಅಂತ ಎರಡೂ ಮಾಡೇನಿ ನೋಡವಾ."

ಸುವರ್ಣಾ ನಕ್ಕು ಶಾಂತಾದೇವಿಯ ಕಡೆ ತಿರುಗಿದಳು. "ಅಕ್ಕಾರ, ಹೆಣ್ಮಕ್ಕಳ ಸಂಘಕ್ಕ ಯಾಕ ಬರವಲ್ರಿ?"

"ಹಿಂಗ, ಸುಮ್ನ."

"ಸುಮ್ನ ಏನು! ಆಕಿಗೆ ಗಾಳಿ ಹಿಡದೈತಿ. ನಾಳೆ ಬಿಡಿಸ್ಕೊಂಡು ಬರ್ತೇವಿ," ಎಂದು ಕಾಶೆವ್ವ ಶ್ರಾವಣದಿಂದ ಇಲ್ಲಿಯವರೆಗಿನದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಸುವರ್ಣಾಳ ನಗು ನಿಂತಿತು. ಅವಳು ಕಾಶೆವ್ವನ ಬುಟ್ಟಿಯಿಂದ ಚೂರು ಅರಳೆ ಕಿತ್ತುಕೊಂಡಳು.

"ಆಯಿ, ಇದಕ್ಕಿಂತ ಮೆತ್ತಂದು ಈ ಮನ್ಯಾಗ ಏನರ ಐತೇನ್ರಿ?"

"ನಮ್ಮ ಶಾಂತಾನ ರೊಟ್ಟಿ ಅಂತೂ ಅಲ್ಲ ಬಿಡು."

ಸುವರ್ಣಾ ಶಾಂತಾದೇವಿಯನ್ನು ಕೇಳಿ, ಅವಳು ಹೂಂ ಅಂದ ಮೇಲೆ, ಗೋಡೆಗೆ ಮುಖ ಮಾಡಿಸಿ ಕಣ್ಣು ಮುಚ್ಚಿಸಿ ಕೂರಿಸಿದಳು. ಆಗಷ್ಟೇ ಒಳಗೆ ಬಂದಿದ್ದ ಶರಣಬಸವ ಮತ್ತೆ ಹೊರಗೆ ಹೊರಟ. "ಅಣ್ಣಾರ, ನಿಲ್ರಿ. ನೀವೂ ನೋಡಬೇಕು ಇದನ್ನ."

ಬೆನ್ನಿನ ಬಲಬದಿಗೆ ಅರಳೆ ತಾಗಿಸಿದಳು. "ಹೆಂಗ ಅನಸ್ತೈತ್ರಿ?"

"ಏನೋ ಮುಟ್ಟಿದಂಗ... ಗುಬ್ಬಿ ಪುಚ್ಚ ಆಡಿಸಿದಂಗ."

ಎಡಬದಿಗೆ ತಾಗಿಸಿದಳು. ಬಾಯಿಂದ ಮಾತು ಬರುವ ಮೊದಲೇ ಬೆನ್ನು ಹಾರಿತು. ಕೈ ಗೋಡೆಗೆ ಬಡಿಯಿತು. "ಕೆಂಡ ಯಾಕ ಇಟ್ಟಿ ಸುವರ್ಣಾ?" ಎಂದು ಶಾಂತಾದೇವಿ ಅಳತೊಡಗಿದಳು.

ಕಾಶೆವ್ವ ಆ ಅರಳೆ ಕಸಿದುಕೊಂಡು ತನ್ನ ಗಲ್ಲಕ್ಕೆ ಒತ್ತಿದಳು. ತುಟಿಗೆ ಒತ್ತಿದಳು. "ಇದು ನನ್ನ ಬತ್ತಿ ಅರಳಿ ಐತಲ್ಲೋ ಶರಣ್ಯಾ!" ಎಂದಳು.

ಸುವರ್ಣಾ ನೆಲಕ್ಕೆ ಕೂತಳು. "ಅಕ್ಕಾರಿಗೆ ಸಣ್ಣಾಕಿ ಇದ್ದಾಗ ಸೀತಾಳ ಸಿಡುಬಿನ ಗುಳ್ಳಿ ಎದ್ದಿದ್ದುವಲ್ಲ, ಅಮ್ಮ ಬಂತು ಅಂತಾರಲ್ಲ, ಆ ರೋಗದ ವೈರಾಣು ಮೈ ಬಿಟ್ಟು ಹೋಗಂಗಿಲ್ರಿ. ಬೆನ್ನೆಲುಬಿನ ಬಾಜೂ, ನರದ ಬೇರಿನಾಗ ಮಲಗಿರತೈತಿ. ವಯಸ್ಸಾಗಿ ಮೈಯಾಗಿನ ಶಕ್ತಿ ಕಡಿಮಿ ಆದಾಗ ಏಳತೈತಿ. ನರ ಹೋದ ದಾರಿಲೇನ ಗುಳ್ಳಿ ಏಳತಾವು. ನರ ಇರೂದ ಅರ್ಧ ಸುತ್ತು, ಅದಕ್ಕ ಗುಳ್ಳಿನೂ ಅರ್ಧ ಸುತ್ತು. ತಲಿ-ಬಾಲ ಕೂಡೂದಕ್ಕ ಅಂಜೂದಲ್ಲ ಆಯಿ. ನರ ಸುಡತೈತಿ, ಅದಕ್ಕ ಅಂಜಬೇಕು."

"ನರ ಸುಟ್ಟಿದ್ದು ಖರೇ ಇರಬಹುದು," ಎಂದ ಶರಣಬಸವ. "ಆದ್ರ ಅದಾಗಿ ಎಷ್ಟ ತಿಂಗಳಾತು? ಈಗ ಬೆಂಕಿ ಎಲ್ಲೈತಿ?"

ಸುವರ್ಣಾ ತನ್ನ ಹಣೆ ಮುಟ್ಟಿ ತೋರಿಸಿದಳು.

"ಕೆಟ್ಟ ನರ ಹಗಲೂರಾತ್ರಿ ಸುಳ್ಳ ಸುದ್ದಿ ಕಳಸ್ತೈತ್ರಿ. ಮೈ ಕಾಯೂದು ಮೆದುಳಿನ ಕೆಲಸ. ಅದು ಕೇಳಿ ಕೇಳಿ ಕಿವಿ ಚೂಪ ಮಾಡ್ಕೊಂತು. ಬೆನ್ನುಹುರಿಯೊಳಗ, ಮೆದುಳಿನೊಳಗ ನೋವಿನ ದಾರಿ ಅಗಲ ಆದುವು. ನೋವು ತಡಿಯೋ ಬಾಗಲಾ ಸಡ್ಲ ಆದುವು. ಈಗ ಅರಳಿ ಮುಟ್ಟಿದ್ರೂ ಅದಕ್ಕ ಬೆಂಕಿ ಅಂತನ ಸುದ್ದಿ ಹೋಗತೈತಿ. ನಿದ್ದಿ, ಅಂಜಿಕಿ, ನೆನಪು ಅದರ ಬಾಜೂ ಮನಿಯವ್ರು. ಅವಕ್ಕೂ ಇದು ತಟ್ಟತೈತಿ. ಅದಕ್ಕ ಅಕ್ಕಾರಿಗೆ ನಿದ್ದಿಲ್ಲ, ಒಲಿ ಮ್ಯಾಲ ಹಾಲ ಇಟ್ಟಿದ್ದು ನೆನಪಿಲ್ಲ."

"ಅಂದ್ರ, ಎಲ್ಲಾ ಮನಸಿನ ಆಟ ಅಂದಂಗಾತು," ಎಂದಳು ಕಾಶೆವ್ವ.

"ಮೆದುಳೂ ಮೈಯಾಗಿಂದ ಅಲ್ಲೇನ್ರಿ ಆಯಿ? ಕೈ ಮುರಿಯೂದು ಎಷ್ಟ ಖರೇನೋ ಇದೂ ಅಷ್ಟ ಖರೇ. ಕಣ್ಣಿಗೆ ಕಾಣಂಗಿಲ್ಲ, ಅಷ್ಟ."

ಬೆಳಿಗ್ಗೆ ಕಟ್ಟಿದ ಅರ್ಥಿಂಗ್ ಶರಣಬಸವನ ಕಣ್ಣ ಮುಂದೆ ಬಂತು. ಬಂದ್ ಮಾಡಿದ ಲೈನಿಗೆ ಅವನು ಅದನ್ನು ಕಟ್ಟಿದ್ದು ಯಾಕೆ? ಸತ್ತಂತೆ ಕಾಣುವ ತಂತಿಗೂ ಬಾಜೂ ಲೈನಿನಿಂದ ಕರೆಂಟ್ ಏರಿ ಕೂತಿರುತ್ತದೆ, ಅದಕ್ಕೆ. ನೋಡುವ ಕಣ್ಣಿಗೆ ಏನೂ ಇಲ್ಲ. ಮುಟ್ಟಿದ ಕೈ ಸುಡುತ್ತದೆ. ತಂತಿಯ ಬಗ್ಗೆ ಇದನ್ನು ಅವನು ಎಂದೂ ಸಂಶಯಪಟ್ಟಿರಲಿಲ್ಲ.

ನೌಕರಿ ಸೇರಿದ ಹೊಸತರಲ್ಲಿ ಅವನನ್ನು ಅಂಬಿಕಾನಗರದ ಕಡೆ ಪವರ್ ಹೌಸ್ ನೋಡಲು ಕರೆದುಕೊಂಡು ಹೋಗಿದ್ದರು. ಗುಡ್ಡದ ಮೇಲಿಂದ ಬಿದ್ದ ಕಾಳಿ ನದಿಯ ನೀರು ದೊಡ್ಡ ಯಂತ್ರಗಳನ್ನು ತಿರುಗಿಸುತ್ತಿತ್ತು. ನೆಲ ನಡುಗುತ್ತಿತ್ತು, ಅವನ ಮೈ ಜುಂ ಎಂದಿತ್ತು. ಮನುಷ್ಯ ನೋಡಬೇಕಾದದ್ದು ಇದಕ್ಕಿಂತ ದೊಡ್ಡದು ಇಲ್ಲ ಎಂದುಕೊಂಡಿದ್ದ. ಈಗ ಗೋಡೆಗೆ ಮುಖ ಮಾಡಿ ಕೂತ ಹೆಂಡತಿಯ ತಲೆ ನೋಡಿದ. ನರೆತ ಕೂದಲು, ನಡುವೆ ಬೈತಲೆ, ಎರಡು ಅಂಗೈಯಲ್ಲಿ ಹಿಡಿಯುವಷ್ಟು ಜಾಗ. ಅದರೊಳಗೆ ಒಂದು ಗಳಿಗೆಯೂ ಬಂದ್ ಆಗದ ಕೇಂದ್ರವೊಂದು ಸದ್ದಿಲ್ಲದೆ ನಡೆಯುತ್ತಿದೆ. ಕಲಿಯುತ್ತಿದೆ. ಇವಳನ್ನು ಕಾಯಬೇಕೆಂಬ ಹಟದಲ್ಲಿ ಇವಳನ್ನೇ ಸುಡುವುದನ್ನು ಕಲಿತಿದೆ. ಅವನ ಮೈ ಮತ್ತೊಮ್ಮೆ ಜುಂ ಎಂದಿತು.

"ಕಲತದ್ದನ್ನ ಮೆದುಳು ಮರೀತೈತೇನು?" ಎಂದು ಮೆಲ್ಲಗೆ ಕೇಳಿದ.

"ತಡಾ ಆಗತೈತಿ. ಪೂರಾ ಹೋಗತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಕಡಿಮಿ ಮಾಡಾಕ ಬರತೈತಿ. ನರದ ನೋವಿಗೆ ಬ್ಯಾರೇನ ಔಷಧ ಅದಾವು, ಡಾಕ್ಟರ್ ನೋಡಿನ ಕೊಡಬೇಕು. ನಾಳೆ ದವಾಖಾನಿಗೆ ಹೋಗೂಣು. ಅದಕ್ಕಿಂತ ಮೊದಲಿಂದು ಒಂದೈತಿ ಅಣ್ಣಾರ, ಮನ್ಯಾಗ ಸಿಗತೈತಿ. 'ನಿನ್ನ ನೋವು ಖರೇ ಐತಿ' ಅಂತ ಅಕ್ಕಾರಿಗೆ ಒಂದ ಮಾತು ಹೇಳ್ರಿ. ಯಾರೂ ನಂಬಲಿಲ್ಲ ಅಂದ್ರ ಅಂಜಿಕಿ ಹೆಚ್ಚಾಗತೈತಿ, ಅಂಜಿದ ಮೆದುಳಿಗೆ ನೋವು ಇನ್ನೂ ಜೋರ ಕೇಳಸ್ತೈತಿ."

ಅವನು ತಲೆ ಆಡಿಸಿದ.

"ಅರಳಿ ತಡೀದ ಬೆನ್ನಿಗೆ ನಾ ತಪ್ಪಲದಿಂದ ಹೊಡಸಾಕ ಹೊಂಟಿದ್ದೆ," ಎಂದು ಕಾಶೆವ್ವ ತನಗೆ ತಾನೇ ಅಂದುಕೊಂಡಳು. ಆಮೇಲೆ ಮಗನ ಕಡೆ ತಿರುಗಿ ಗದರಿದಳು: "ಏನ ನೋಡ್ತಿ? ಬೇವಿನ ತಪ್ಪಲಾ ತಗದು ಆಡಿಗೆ ಹಾಕು, ಹೋಗು!"

ಮರುದಿನ ಹಳಿಯಾಳದ ಆಸ್ಪತ್ರೆಗೆ ಹೋದರು. ಅಲ್ಲಿಂದ ಹುಬ್ಬಳ್ಳಿಯ ನೋವಿನ ವೈದ್ಯರ ಬಳಿಗೆ ಕಳಿಸಿದರು. ವೈದ್ಯರು ಔಷಧವನ್ನು ಸ್ವಲ್ಪದರಿಂದ ಶುರು ಮಾಡಿ ಮೆಲ್ಲಗೆ ಏರಿಸಿದರು. ನೋವಿಲ್ಲದ ಕಡೆಯಿಂದ ನೋವಿನ ಅಂಚಿನವರೆಗೆ ದಿನವೂ ಮೆತ್ತನೆಯದನ್ನು ಸವರಿರಿ, ಇದು ಬೆಂಕಿಯಲ್ಲವೆಂದು ಮೆದುಳಿಗೆ ತಿಳಿಯಲಿ ಎಂದರು. ಆ ಕೆಲಸವನ್ನು ಕಾಶೆವ್ವ ಯಾರಿಗೂ ಬಿಟ್ಟುಕೊಡಲಿಲ್ಲ. ದೀಪ ಹಚ್ಚಿದ ಮೇಲೆ ಉಳಿದ ಅರಳೆ ಹಿಡಿದು ಸೊಸೆಯ ಹಿಂದೆ ಕೂರುತ್ತಿದ್ದಳು.

"ಬಂತೇನವಾ ಬೆಂಕಿ?"

"ಇಲ್ರಿ ಅತ್ತಿ, ಇನ್ನೂ ಅಂಚಿನ ಈಚೀ ಕಡೆ ಅದೀರಿ."

ಮಳೆಗಾಲದ ಹೊತ್ತಿಗೆ ಒಂದು ಸಂಜೆ ಶಾಂತಾದೇವಿ ಅಂದಳು: "ಈಗ ಕೆಂಡ ಅಲ್ರಿ ಅತ್ತಿ. ಬಿಸಿ ಬೂದಿ ಇದ್ದಂಗ ಐತಿ."

"ಬೂದಿಗೆ ಬಂತಂದ್ರ ನಮ್ಮ ಶಿವನ ಹಂತೇಕ ಬಂತು ತಗಿ," ಎಂದಳು ಕಾಶೆವ್ವ. ಅತ್ತೆ-ಸೊಸೆ ಇಬ್ಬರೂ ನಕ್ಕರು. ಆ ತಿಂಗಳ ಸಂಘದ ಸಭೆಗೆ ಶಾಂತಾದೇವಿ ಕುಬಸ ತೊಟ್ಟು ಹೋದಳು. ಬಂದ ಮೇಲೆ ಮತ್ತೆ ಅಂಗಿಯೇ. ಆದರೆ ಹೋಗಿ ಬಂದಳು.

ತಾಯಂದಿರೇ, ಅಣ್ಣತಮ್ಮಂದಿರೇ, ಮೈಯ ಒಂದೇ ಬದಿಗೆ ಉರಿ ಬಂದು ಪಟ್ಟಿಯಂತೆ ಗುಳ್ಳೆ ಎದ್ದರೆ ಕಾವಿಗೆ, ಕಾಡಿಗೆಗೆ ದಿನ ಕಳೆಯಬೇಡಿ. ಮೂರು ದಿನದೊಳಗೆ ಔಷಧ ಶುರುವಾದರೆ ಒಳ್ಳೆಯದು. ಕಣ್ಣಿನ ಹತ್ತಿರ ಎದ್ದರೆ ಆ ಗಳಿಗೆಯೇ ಹೊರಡಿ. ಐವತ್ತು ದಾಟಿದವರು ಇದರ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ. ಗಾಯ ಮಾಯ್ದ ಮೇಲೂ ನೋವು ಉಳಿದರೆ ಅದು ನಾಟಕವಲ್ಲ, ಗಾಳಿಯಲ್ಲ. ಹೊಡೆಯಬೇಡಿ, ಬರೆ ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. ವೈದ್ಯರನ್ನು ಕೇಳದೆ ಔಷಧ ನಿಲ್ಲಿಸಬೇಡಿ. ಮತ್ತು ನಿಮ್ಮ ಮನೆಯಲ್ಲಿ ನೋವು ತಿನ್ನುವವರು ಯಾರಾದರೂ ಇದ್ದರೆ, ಈ ಹಾಳೆ ಮಡಿಸಿಟ್ಟು ಈಗಲೇ ಎದ್ದು ಹೋಗಿ ಆ ಒಂದು ಮಾತು ಹೇಳಿ.

ಶರಣಬಸವ ಉಳಿದದ್ದೆಲ್ಲ ಮಾಡಿದ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸಾಲಿನಲ್ಲಿ ನಿಂತ. ಫ್ಯಾನ್ ಬಿಚ್ಚಿ, ಅವಳಿಗೆ ಗಾಳಿ ತಾಗದ ಮೂಲೆಗೆ ಹಾಕಿದ. ತನ್ನ ಮೆತ್ತನೆಯ ಅಂಗಿಗಳನ್ನೆಲ್ಲ ಅವಳಿಗೇ ಬಿಟ್ಟ. "ನಿನ್ನ ನೋವು ಖರೇ ಐತಿ" ಎಂದು ಮಾತ್ರ ಅವನು ಶಾಂತಾದೇವಿಗೆ ಒಮ್ಮೆಯೂ ಹೇಳಲಿಲ್ಲ.