ವಿಲ್ಫ್‌ನ ಬೆಂಚು

ಬಸ್ಸಿಗೆ ಒಂಬತ್ತು ಪೌಂಡು. ಪಿಯರ್‌ನ ಬಾಗಿಲಲ್ಲಿ ತಲೆಗೊಂದು ಪೌಂಡು. ಎರಡು ಕಪ್ ಚಹಾ ಒಂದು ಪೌಂಡು ಎಪ್ಪತ್ತು ಪೆನ್ಸು, ಅದೂ ತಣ್ಣಗಾದದ್ದು. ಶೌಚಾಲಯಕ್ಕೆ ಇಪ್ಪತ್ತು ಪೆನ್ಸು. ಇವನ್ನೆಲ್ಲ ಈನಿಡ್ ಗೊಣಗದೆ ಕೊಟ್ಟಳು. ಅವಳಿಗೆ ದುಬಾರಿ ಎನಿಸಿದ್ದು ನಡಿಗೆ. ಕಡಲೊಳಕ್ಕೆ ಮುಕ್ಕಾಲು ಮೈಲಿ ಚಾಚಿದ ಹಲಗೆ ಸೇತುವೆ ಆ ಪಿಯರ್. ಅದರ ಮೇಲೆ ಓಡುವ ಪುಟ್ಟ ರೈಲು ಜೋರು ಗಾಳಿಯಿಂದಾಗಿ ಅಂದು ನಿಂತಿತ್ತು. ಎಪ್ಪತ್ತಾರರ ಮೊಣಕಾಲು ಒಂದೊಂದು ಹಲಗೆಗೂ ಲೆಕ್ಕ ಕೇಳುತ್ತಿತ್ತು.

"ಇಲ್ಲೇ ಎಲ್ಲಾದ್ರೂ ಕೂರೋಣ ಕಣೇ," ಎಂದಳು ತಂಗಿ ಮೇವಿಸ್, ಸೇತುವೆಯ ಮೇಲಿನ ಬಣ್ಣ ಉದುರಿದ ಹಳೆಯ ನೃತ್ಯಶಾಲೆಯ ಗೋಡೆಗೆ ಒರಗಿ. "ಕಡಲು ಇಲ್ಲಿಂದಾನೂ ಒದ್ದೆಯಾಗೇ ಇದೆ."

"ನಾನು ಕಡಲು ನೋಡೋಕೆ ಬಂದಿಲ್ಲ."

ಅವಳು ಬಂದದ್ದು ಗಂಡನಿಗೆ ಒಂದು ಮಾತು ಹೇಳಲು. ವಿಲ್ಫ್ ಸತ್ತು ಎಂಟು ವರ್ಷ. ಗಿರಣಿಗೆ ರಜೆ ಸಿಗುವ ವಾರದಲ್ಲಿ ಅವರ ಊರಿಗೆ ಊರೇ ಈ ದಡಕ್ಕೆ ಬರುತ್ತಿದ್ದ ಕಾಲದಲ್ಲಿ ಅವನು ಏಳು ದಿನವೂ ಸೇತುವೆಯ ತುದಿಯಲ್ಲಿ ಗಾಳ ಹಾಕಿ ಕೂತಿರುತ್ತಿದ್ದ. ಅವನು ಹೋದ ಮೇಲೆ ಅಲ್ಲಿಯ ಬೆಂಚೊಂದರ ಬೆನ್ನಿಗೆ ಈನಿಡ್ ಹಿತ್ತಾಳೆ ತಗಡಿನಲ್ಲಿ ಅವನ ಹೆಸರು ಹಾಕಿಸಿದಳು. ಫ್ರಿಜ್ ಕೊಳ್ಳುವಾಗಲೂ ಮೊದಲು ಇಲ್ಲಿಗೆ ಬಂದು ಕೂತು ಅವನಿಗೆ ಹೇಳಿ ಹೋಗಿದ್ದಳು. ಈಗ ಮನೆಯನ್ನೇ ಮಾರಿದ್ದಳು, ಹೇಳದೆ. ಕಾಲುನೋವೆಂದು ವಸಂತವಿಡೀ ಮುಂದೂಡಿದ್ದಳು. ಅಷ್ಟರಲ್ಲಿ ಪಿಯರ್‌ನವರ ಪತ್ರ ಬಂತು: ತುದಿಯ ಕಂಬಗಳು ತುಕ್ಕು ಹಿಡಿದಿವೆ, ಸೋಮವಾರದಿಂದ ಆ ಭಾಗ ಮುಚ್ಚುತ್ತೇವೆ, ಬೆಂಚುಗಳನ್ನು ಉಗ್ರಾಣಕ್ಕೆ ಸಾಗಿಸುತ್ತೇವೆ. ಮತ್ತೆ ಯಾವಾಗ ತೆರೆಯುತ್ತೇವೆ ಎಂದು ಬರೆದಿರಲಿಲ್ಲ.

ತುದಿ ಮುಟ್ಟಿದಾಗ ಎರಡು ಗಂಟೆ ಹತ್ತು ನಿಮಿಷ. ವಿಲ್ಫ್‌ನ ಬೆಂಚಿನ ಮೇಲೆ ಟೋಪಿ ಹಾಕಿದ ಮುದುಕನೊಬ್ಬ ಫ್ಲಾಸ್ಕು ಹಿಡಿದು ಕೂತಿದ್ದ.

ಈನಿಡ್ ನಿಂತಳು. ಆಮೇಲೆ ಏನೂ ಆಗದವಳಂತೆ ಎದುರಿನ ಬೆಂಚಿಗೆ ಹೋಗಿ ಕುಸಿದಳು.

"ಹೋಗಿ ಕೇಳೇ," ಎಂದಳು ಮೇವಿಸ್.

"ಕೂತೋರನ್ನ ಎಬ್ಬಿಸೋದಾ? ಅವರೂ ಒಂದು ಪೌಂಡು ಕೊಟ್ಟೇ ಬಂದಿದ್ದಾರೆ."

"ಹಾಗಾದ್ರೆ ನಾನು ಕೇಳ್ತೀನಿ."

"ನೀನು ಬಾಯಿ ತೆಗೆದ್ರೆ ನಾನು ಈಗಲೇ ವಾಪಸ್ ಹೊರಟೆ."

ಅವರ ಬೀದಿಯಲ್ಲಿ ಬ್ರೆಡ್ಡು ಕೊಳ್ಳುವ ಸಾಲಿನ ನಡುವೆ ಯಾರಾದರೂ ನುಗ್ಗಿದರೂ ಹಿಂದಿದ್ದವರು ಕೆಮ್ಮುತ್ತಿದ್ದರು, ಅಷ್ಟೆ. ಅದಕ್ಕಿಂತ ಹೆಚ್ಚಿನದು ಜಗಳ ಎನಿಸಿಕೊಳ್ಳುತ್ತಿತ್ತು. ಈನಿಡ್ ಕೆಮ್ಮಿದಳು. ಮುದುಕ ಟೋಪಿ ಮುಟ್ಟಿ ತಲೆಬಾಗಿದ. ಸ್ವಲ್ಪ ಹೊತ್ತಿಗೆ ಅವನೂ ಇವರತ್ತ ನೋಡಿ ಕೆಮ್ಮಿದ.

"ಶೀತ ಆಗಿರ್ಬೇಕು ಪಾಪ," ಎಂದಳು ಮೇವಿಸ್. "ಮನೆಗೆ ಹೋಗಬಾರದಾ ಇವನು."

ಈನಿಡ್ ಚೀಲದಿಂದ ಚೀಸ್ ಮತ್ತು ಉಪ್ಪಿನಕಾಯಿಯ ಸ್ಯಾಂಡ್‌ವಿಚ್ ತೆಗೆದಳು. ಅರ್ಧ ತಂಗಿಗೆ ಕೊಟ್ಟು ಇನ್ನರ್ಧವನ್ನು ಹಾಗೇ ಮಡಿಲಲ್ಲಿಟ್ಟುಕೊಂಡಳು. ಅದನ್ನು ತಿನ್ನುವುದಿದ್ದರೆ ವಿಲ್ಫ್‌ನ ಬೆಂಚಿನ ಮೇಲೆಯೇ. ಒಂದು ಕಡಲಹಕ್ಕಿ ಬಂದು ಆ ಪೊಟ್ಟಣವನ್ನೇ ದಿಟ್ಟಿಸುತ್ತ ನಿಂತಿತು. ಎರಡೂವರೆಯಾಯಿತು, ಮೂರಾಯಿತು. ಮುದುಕ ಆಗಾಗ ಗಡಿಯಾರ ನೋಡುತ್ತಿದ್ದ, ಏಳುತ್ತಿರಲಿಲ್ಲ.

"ಸೋಮವಾರ ಬೆಂಚಿನ ಜೊತೆ ಇವನನ್ನೂ ಎತ್ಕೊಂಡು ಹೋಗ್ಲಿ, ಉಗ್ರಾಣಕ್ಕೆ," ಎಂದಳು ಮೇವಿಸ್.

ಈನಿಡ್ ನಗಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಬಸ್ಸು ನಾಲ್ಕಕ್ಕೆ. ಹಿಂತಿರುಗಿ ನಡೆಯಲು ಅವಳ ಕಾಲಿಗೆ ಅರ್ಧ ಗಂಟೆಗೂ ಮೇಲೆ ಬೇಕು. ಮೂರೂಕಾಲಿಗೆ ಅವಳು ಬೆಂಚಿನ ಕೈ ಹಿಡಿದು ಮೆಲ್ಲನೆ ಎದ್ದಳು. "ನಡಿ. ಆಗಲಿಲ್ಲ ಅಂದ್ರೆ ಆಗಲಿಲ್ಲ."

ಅವರು ಎದ್ದದ್ದೇ ತಡ, ಮುದುಕ ಎದುರಿನಿಂದ ದಡಬಡಿಸಿ ಬಂದ. ಬರುವಾಗಲೇ ಟೋಪಿ ಕೈಗೆ ಬಂದಿತ್ತು.

"ಹೊರಟ್ರಾ ಅಮ್ಮ? ತಪ್ಪು ತಿಳ್ಕೋಬೇಡಿ. ಇದು ನಮ್ಮ ನೋರಾ ಬೆಂಚು."

ಮೇವಿಸ್ ಒರಗಿ ಕೂತಿದ್ದ ಜಾಗದಲ್ಲಿ ಹಿತ್ತಾಳೆಯ ತಗಡಿತ್ತು. ನೋರಾ, ಇಲ್ಲಿ ಕುಣಿದವಳು, ಎಂದಿತ್ತು ಅದರಲ್ಲಿ. ಅಕ್ಕತಂಗಿಯರಿಬ್ಬರೂ ಅದನ್ನು ನೋಡಿಯೇ ಇರಲಿಲ್ಲ.

"ನೀವು ಕೂತಿದ್ದು ನನ್ನ ಗಂಡನ ಬೆಂಚು," ಎಂದಳು ಈನಿಡ್.

"ಅಯ್ಯೋ ದೇವರೇ. ಒಂದು ಮಾತು ಹೇಳ್ಬಾರ್ದಿತ್ತೇ?"

"ನೀವು ಹೇಳಿದ್ರಾ?"

"ಹೆಂಗಸರನ್ನ ಹೇಗೆ ಎಬ್ಬಿಸೋದು? ನಾನು ಕೆಮ್ಮಿದೆ."

"ನಾನೂ ಕೆಮ್ಮಿದೆ."

"ಭೇಷ್!" ಎಂದಳು ಮೇವಿಸ್. "ಒಂದು ಗಂಟೆಯಿಂದ ಇಬ್ಬರೂ ಕೆಮ್ಮಿದ್ದೇ ಕೆಮ್ಮಿದ್ದು. ಮೂವರಲ್ಲಿ ಒಬ್ಬರಿಗಾದ್ರೂ ಬುದ್ಧಿ ಬೇಡವಾ? ಹೋಗೇ, ಹೋಗಿ ಕೂತ್ಕೋ. ಡ್ರೈವರ್ ಹತ್ರ ಬೈಸ್ಕೊಳ್ಳೋದು ನನಗಿರಲಿ."

ಈನಿಡ್ ಹೋಗಿ ಕೂತಳು. ಹಲಗೆ ಇನ್ನೂ ಬೆಚ್ಚಗಿತ್ತು. ತಗಡಿನ ಮೇಲಿನ ಹಕ್ಕಿಯ ಹಿಕ್ಕೆಯನ್ನು ಕರವಸ್ತ್ರದಿಂದ ಒರೆಸಿದಳು. ವಸಂತವಿಡೀ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಕಾಲು ಮಾತ್ರ ಮಿಡಿಯುತ್ತಿತ್ತು.

"ಮನೆ ಮಾರ್ಬಿಟ್ಟೆ ವಿಲ್ಫ್," ಎಂದಳು. "ಮೆಟ್ಟಿಲು ಹತ್ತೋಕಾಗ್ತಿರಲಿಲ್ಲ. ಇನ್ಮೇಲೆ ಮೇವಿಸ್ ಜೊತೆ ಇರ್ತೀನಿ. ಅವಳ ಮಾತು ನಿಂಗೆ ಗೊತ್ತಲ್ಲ."

ಸ್ಯಾಂಡ್‌ವಿಚ್ಚನ್ನು ಎರಡು ತುತ್ತಿನಲ್ಲಿ ಮುಗಿಸಿದಳು. ಎದುರಿನ ಬೆಂಚಿನಲ್ಲಿ ಮುದುಕ ಕಣ್ಣು ಮುಚ್ಚಿಕೊಂಡು ಕೂತಿದ್ದ. ಹೊತ್ತಾಯಿತೆಂದು ಮೇವಿಸ್ ಕೈಬೀಸಿದಳು.

ಕಾದದ್ದು ಒಂದು ಗಂಟೆ ಐದು ನಿಮಿಷ. ಸಿಕ್ಕಿದ್ದು ನಾಲ್ಕು ನಿಮಿಷ. ಮನೆಯ ವಿಷಯ ಹೇಳಿಯಾಯಿತು. ಅವನ ಗಾಳಗಳನ್ನು ಯಾರಿಗೆ ಕೊಟ್ಟೆ ಎಂಬುದನ್ನು ಹೇಳುವುದು ಉಳಿಯಿತು.