ಮಲಕವ್ವನ ಪಾಳಿ

ಮಾಘ ಮಾಸದ ಆ ಮಂಗಳವಾರ ಮುಂಜಾನೆ ತಿಕೋಟಾದ ಮೇಲೆ ಇಬ್ಬನಿ ಸುರಿದಿತ್ತು. ಊರ ಸುತ್ತಲಿನ ಬಿಳಿಜೋಳದ ತೆನೆಗಳೆಲ್ಲ ಮಿಂದು ಬಂದ ಭಕ್ತರ ಹಾಗೆ ತಲೆ ಬಾಗಿ ನಿಂತಿದ್ದವು. ಹೊತ್ತು ಮೂಡಿದರೂ ಸೂರ್ಯನ ಮುಖ ಕಾಣದು, ಓಣಿಯ ತುದಿಯ ಹನುಮಪ್ಪನ ಗುಡಿಯೂ ಕಾಣದು. ಅಂಥ ತಂಪಿನಲ್ಲಿ ಮಲಕವ್ವನ ಮೈ ಮಾತ್ರ ರೊಟ್ಟಿಯ ಹಂಚಿನ ಹಾಗೆ ಕಾದಿತ್ತು.

ಬುತ್ತಿಗೆಂದು ಹಿಟ್ಟು ತೆಗೆಯಲು ಹೋದವಳ ಕೈಗೆ ಜೋಳ ತುಂಬಿಡುವ ಗುಮ್ಮಿಯ ಹಿಂದೆ ಒಂದು ಗಂಟು ಸಿಕ್ಕಿತ್ತು. ಬಿಚ್ಚಿ ನೋಡಬೇಕಾಗಿರಲಿಲ್ಲ, ಕಟ್ಟಿದವಳೇ ಅವಳು. ಒಳಗೆ ಅವಳ ಇಳಕಲ್ ಸೀರೆ, ಹಸಿರು ಕುಪ್ಪಸ, ಒಂದು ಅರಿಷಿಣ ಕೊಂಬು.

ಆ ಗಂಟು ಅಲ್ಲಿರಬಾರದಿತ್ತು. ಶುಕ್ರವಾರವೇ ಅದು ವಿಜಾಪುರದ ಅಥಣಿ ರಸ್ತೆಯಲ್ಲಿರುವ ನೆಂಟ ರೇವಪ್ಪನ ಮನೆ ಸೇರಬೇಕಿತ್ತು. ಹೋಗುವ ದಿಕ್ಕು ಬಡಗಣ, ಹೊರಡುವ ದಿನ ಮಂಗಳವಾರ. ಎರಡೂ ಕೂಡಬಾರದೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಅದಕ್ಕೇ ಮೊದಲೇ ಒಂದು ಒಳ್ಳೆಯ ವಾರ ನೋಡಿ, ಹೋಗುವವರ ಬಟ್ಟೆಯನ್ನು ದಾರಿಯ ಮೇಲಿನ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಪರಸ್ಥಾನ ಇಡುವುದು ಎಂದರೆ ಇದೇ. ಬಟ್ಟೆ ಹೊರಟರೆ ಮನುಷ್ಯ ಹೊರಟ ಲೆಕ್ಕ. ಗಂಡ ಧೂಳಪ್ಪ ತನ್ನದು, ತಾಯಿ ಹೊಳೆವ್ವನದು, ಹೆಂಡತಿಯದು ಎಂದು ಮೂರು ಗಂಟು ಎತ್ತಿಕೊಂಡು ಹೊರಬಿದ್ದಿದ್ದ. ಸಂಜೆ ಬಂದವನು, "ಮೂರೂ ಇಟ್ಟ ಬಂದೆ" ಎಂದು ಹೇಳಿ ನಿಶ್ಚಿಂತೆಯಿಂದ ಉಂಡಿದ್ದ.

ಹೊರಟಿದ್ದು ನೇಪಾಳಕ್ಕೆ, ಪಶುಪತಿನಾಥನ ಶಿವರಾತ್ರಿಗೆ. ಎಷ್ಟೋ ವರ್ಷಗಳಿಂದ ಕಾಯ್ದ ಪಯಣ ಅದು. ಒಂದು ವರ್ಷ ಹೊಳೆವ್ವ ಬಿದ್ದು ಕಾಲು ಮುರಿದುಕೊಂಡಳು, ಮರುವರ್ಷ ಕುರಿಗಳಿಗೆ ಕಾಲುಬಾಯಿ ಬೇನೆ ಬಂತು, ಆಮೇಲೆ ಚೀನಾದವರ ಯುದ್ಧ. ಈ ಸಲ ಕನಮಡಿಯ ಕುರುಬರ ಮನೆಯವರೂ ಹೊರಟಿದ್ದರು. ಮಧ್ಯಾಹ್ನ ಎಲ್ಲರೂ ವಿಜಾಪುರದ ಸ್ಟೇಶನ್ನಿನಲ್ಲಿ ಕೂಡುವುದು, ಅಲ್ಲಿಂದ ರೈಲು. ಮಲಕವ್ವ ಪರದೇಶಕ್ಕೆ ಹೊರಟಿದ್ದಾಳೆಂದು ಬಬಲೇಶ್ವರದ ಹತ್ತಿರದ ಜೈನಾಪುರದಿಂದ ತವರಿನ ಹೆಣ್ಣುಮಕ್ಕಳೆಲ್ಲ ಬಂದು ಉಡಿ ತುಂಬಿ ಹೋಗಿದ್ದರು.

ಮಲಕವ್ವ ಗಂಟನ್ನು ತಂದು ಗಂಡನ ಮುಂದೆ ಇಟ್ಟಳು. ಅವನು ತಲೆಗೆ ಪಟಗ ಸುತ್ತಿಕೊಳ್ಳುತ್ತಿದ್ದ.

"ಏನ್ರಿ ಇದು?"

ಸುತ್ತುವ ಕೈ ನಿಲ್ಲಲಿಲ್ಲ. "ಹೇಳಬೇಕಂತ ಇದ್ನಿ."

"ಯಾವಾಗ ಹೇಳವ್ರಿದ್ರಿ? ನೇಪಾಳ ಮುಟ್ಟಿದ ಮ್ಯಾಲ?"

"ಕುರಿ ಯಾರ ಕಾಯಬೇಕು, ನೀನ ಹೇಳು. ಬರೂ ವರ್ಷ ನಿನ್ನ ಒಬ್ಬಾಕಿನ್ನ..."

"ತಾಯಕ್ಕಗ ಹೇಳತೇನಿ ಅಂದಿದ್ರಿ."

"ಅವರ ಹೊಸ್ತಲಾ ನಾ ತುಳಿಯಾಂವಲ್ಲ. ಒಂದ ಬೇವಿನ ಟೊಂಗಿ ಕಡದದ್ದಕ್ಕ ನಮ್ಮಣ್ಣ ನನಗ ಏನೇನ ಅಂದಾನ, ನಿನಗ ಗೊತ್ತಿಲ್ಲೇನು?"

ತಾಯಕ್ಕ ಅಂದರೆ ತಾಯವ್ವ, ಮಲಕವ್ವನ ನೆಗೆಣ್ಣಿ, ಧೂಳಪ್ಪನ ಅಣ್ಣ ಅಮೋಘಿಯ ಹೆಂಡತಿ. ನಡುವೆ ಒಂದೇ ಗೋಡೆ. ಹೋದ ವರ್ಷ ಆ ಗಂಡಹೆಂಡತಿ ಕಾಶಿಗೆ ಹೋದಾಗ ಎರಡೂ ಮನೆಯ ಕುರಿಗಳನ್ನು ಕಾಯ್ದವಳು ಮಲಕವ್ವ. "ನಿನ್ನ ಪಾಳಿ ಬಂದಾಗ ನಾ ಅದೇನಿ" ಎಂದು ತಾಯವ್ವ ಹೇಳಿದ್ದಳು. ದೀಪಾವಳಿಯಲ್ಲಿ ಬೇವಿನ ಟೊಂಗೆಯ ಸಲುವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಧೂಳಪ್ಪನಿಗೆ ಅಣ್ಣನ ಬಾಗಿಲಿಗೆ ಹೋಗಿ ನಿಲ್ಲುವುದಕ್ಕಿಂತ ಹೆಂಡತಿಯ ಸೀರೆ ಬಚ್ಚಿಡುವುದು ಹಗುರಾಗಿ ಕಂಡಿತ್ತು.

"ನಿಮ್ಮ ಮಾನ ಉಳೀತು. ನನ್ನ ಬಾಯಾಗ ಮಣ್ಣ ಬಿತ್ತು."

ಹೊಳೆವ್ವ ಕಟ್ಟೆಯ ಮೇಲಿಂದ ಅಂದಳು: "ಹೊಂಡೂ ಹೊತ್ತಿನ್ಯಾಗ ಜಗಳ ಬ್ಯಾಡ್ರಿ. ಪರಸ್ಥಾನ ಇಡದ ಬಡಗಣಕ್ಕ ಹೊಂಟ್ರ ಕೇಡ ಆಗತೈತಿ ಮಲಕವ್ವ, ಇರಲಿ ಬಿಡು."

"ಕೇಡು ಶುಕ್ರವಾರನ ಆಗೈತಿ ಅತ್ತಿ. ನಿಮ್ಮ ಮಗ ಮಾಡ್ಯಾನ."

ಅತ್ತೆಯ ಮುಂದೆ ಗಂಡನನ್ನು ಅವಳು ಹಾಗೆ ಎಂದೂ ಅಂದವಳಲ್ಲ.

ಮಲಕವ್ವ ಒಳಗೆ ಹೋಗಿ ಮೈಮೇಲೆ ನೀರು ಹಾಕಿಕೊಂಡಳು. ಇಳಕಲ್ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟು, ಬುತ್ತಿ ಕಟ್ಟಿ ಜಗಲಿಯ ಮೇಲೆ ಬಂದು ಕುಳಿತಳು. ದೊಡ್ಡಿಯ ಮುಳ್ಳಿನ ಬಾಗಿಲು ಸರಿಸಲಿಲ್ಲ. ಹೊತ್ತು ಏರಿದ ಹಾಗೆ ಕುರಿಗಳು ಒಂದರ ಮೇಲೊಂದು ಬಿದ್ದು ಒದರತೊಡಗಿದವು.

"ಕುರಿ ಬಿಡು" ಎಂದ ಧೂಳಪ್ಪ.

"ನಿನ್ನ ಕುರಿ. ನೀ ಬಿಡು."

"ಹಂಗಾರ ಯಾರೂ ಹೋಗೂದ ಬ್ಯಾಡ."

"ನೀ ಬ್ಯಾಡಂದ್ರ ಬಿಡು. ನಾ ಕನಮಡಿಯವರ ಕೂಡ ಹೋಗಾಕಿ."

ಓಣಿಯಲ್ಲಿ ಹೊರಟಿದ್ದ ಪಿಂಜಾರ ಪೀರಸಾಬ ನಿಂತ. "ಏನಲೇ ಧೂಳ್ಯಾ, ಹಿಂಡನ್ನೂ ನೇಪಾಳಕ್ಕ ಹೊಡಕೊಂಡ ಹೊಂಟೀಯೇನು? ಮೋಟಾರ ಬರೂ ಹೊತ್ತಾತು, ಅವಕ್ಕೂ ಟಿಕೀಟ ತಗಿ." ಒಬ್ಬರೂ ನಗದಿದ್ದುದನ್ನು ಕಂಡು ಮೆಲ್ಲಗೆ ಮುಂದೆ ಹೋದ.

ಹಿಂದೆ ಮನೆಯವರು ಪಂಢರಪುರ ಅಂದರು, ಮಲಕವ್ವ ಕುರಿ ಕಾಯುತ್ತ ಉಳಿದಳು. ಶ್ರೀಶೈಲ ಅಂದರು, ಆಗಲೂ ಉಳಿದಳು. ಅವರು ತಂದು ಕೊಟ್ಟ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಪಶುಪತಿ ಎಂದರೆ ದನಕುರಿಗಳ ಒಡೆಯ ಎಂದು ಮಠದ ಸ್ವಾಮಿಗಳು ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಅವನ ಕುರಿಗಳನ್ನು ಜನ್ಮವಿಡೀ ಕಾಯ್ದವಳು ಅವನ ಮುಖ ನೋಡಬಾರದೇ? ಆ ಸಿಟ್ಟು ಗಂಡನನ್ನೂ ದಾಟಿ ದೇವರ ತನಕ ಹೋಗಿತ್ತು. ದೇವರ ಮೇಲೆ ಸಿಟ್ಟಾಗುವುದೂ ಅವನನ್ನು ನೆನೆಯುವ ಒಂದು ಬಗೆಯೇ ಇರಬೇಕು. ಅಷ್ಟು ಹೊತ್ತು ಅವಳು ಅವನನ್ನು ಬಿಟ್ಟು ಬೇರೆ ಏನನ್ನೂ ನೆನೆದಿರಲಿಲ್ಲ.

ಆದರೆ ಕುರಿಗಳು ಬಿಡಲಿಲ್ಲ. ಮೊನ್ನೆ ಈದ ಕುರಿಯ ದನಿಯನ್ನು ಅವಳ ಕಿವಿ ಬೇರೆ ಮಾಡಿ ಗುರುತಿಸಿತು. ಮೊಣಕಾಲು ತಾನಾಗಿಯೇ ಎದ್ದು ನಿಲ್ಲಲು ನೋಡಿತು. ಈಗ ಎದ್ದರೆ ಮುಗಿಯಿತು, ಈ ಜನ್ಮದ ಮಾತೇ ಮುಗಿಯಿತು ಎಂದುಕೊಂಡು ಹಲ್ಲು ಕಚ್ಚಿ ಕುಳಿತಳು. ಕಣ್ಣಲ್ಲಿ ನೀರು ಬಂತು. ಅದೂ ಬಿಸಿ ನೀರೇ. ಅಥಣಿ ಕಡೆಯಿಂದ ವಿಜಾಪುರಕ್ಕೆ ಹೋಗುವ ಮೋಟಾರಿನ ಸಪ್ಪಳ ಕೇಳಿಬಂತು.

ಗೋಡೆಯ ಆಚೆಯಿಂದ ತಾಯವ್ವ ಬಂದಳು. ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕೈಯಲ್ಲಿ ಕೋಲು. ಧೂಳಪ್ಪನ ಕಡೆ ನೋಡಲಿಲ್ಲ. ನೆಟ್ಟಗೆ ದೊಡ್ಡಿಗೆ ಹೋಗಿ ಮುಳ್ಳು ಸರಿಸಿದಳು.

"ಯಾರ ಹೇಳಿದ್ರಕ್ಕಾ ನಿನಗ?" ಮಲಕವ್ವನ ದನಿಯಲ್ಲಿ ಸಿಟ್ಟು ಇನ್ನೂ ಇತ್ತು.

"ಯಾರ ಹೇಳಬೇಕು? ನೀ ಇದ್ದ ಮನಿಯಾಗ ಹೊತ್ತೇರೂ ತನಕ ಕುರಿ ಒದರತಾವಂದ್ರ ನನಗ ತಿಳಿಯಾಂಗಿಲ್ಲೇನು? ಎಳಿ ಮರಿ ಯಾವ್ಯಾವು, ತೋರಿಸು."

ಮಲಕವ್ವ ಕುಳಿತಲ್ಲಿಂದಲೇ ಬೆರಳು ಮಾಡಿ ತೋರಿಸಿದಳು. ತಾಯವ್ವ ಬಾಗಿ ಎರಡು ಮರಿಗಳನ್ನು ಎತ್ತಿ ಕಂಬಳಿಯೊಳಗೆ ಹಾಕಿಕೊಂಡಳು.

"ಹೋಗ ಬೇ, ಮೋಟಾರ ನಿಲ್ಲಾಂಗಿಲ್ಲ."

ಅಷ್ಟೇ ಅಂದು ಹುರ್ರ್ ಎಂದು ಹಿಂಡನ್ನು ಹೊರಗೆ ಹೊಡೆದಳು. ಮಲಕವ್ವ ಬುತ್ತಿ ಎತ್ತಿಕೊಂಡು ಜಗಲಿ ಇಳಿದಳು. ಓಣಿಯ ತಿರುವಿನಲ್ಲಿ ಎರಡೂ ಮನೆಯ ಕುರಿಗಳು ಕೂಡಿ ಒಂದಾದವು. ಅವುಗಳ ಹಿಂದೆ ತಾಯವ್ವ ಮರಿಗಳನ್ನು ಎದೆಗೆ ಒತ್ತಿಕೊಂಡು ನಡೆದಳು.